ನಾಯಿಗಂತೂ ಹೊಡೆದಿಲ್ಲ

ಫೋನಿನೊಳಗೆ ಅವನ ಮನೆ ಓರೆಯಾಗಿತ್ತು. ಪಡಸಾಲೆಯ ಕಂಬ ಎಡಕ್ಕೆ ವಾಲಿತ್ತು, ಗೋಡೆಯ ಮೇಲಿನ ಬಸವಣ್ಣನವರ ಪಟ ವಾಲಿತ್ತು, ಅದರ ಕೆಳಗೆ ಚಾಪೆಯ ಮೇಲೆ ಕೂತ ಹೆಂಡತಿ, ಅವಳ ಮಗ್ಗುಲಿಗೆ ಕೂತ ನಾಯಿ, ಎಲ್ಲ ಒಂದೇ ಕಡೆಗೆ ಜಾರುತ್ತಿರುವ ಹಾಗಿತ್ತು. ಕೊಳ್ಳೇಗಾಲದ ತನ್ನ ಹಿಂಡಿ ಬೂಸದ ಅಂಗಡಿಯಲ್ಲಿ, ತಕ್ಕಡಿಗೆ ಒರಗಿಸಿಟ್ಟ ಫೋನನ್ನು ಗುರುಪಾದಸ್ವಾಮಿ ಬೆರಳಿನಿಂದ ಸ್ವಲ್ಪ ಬಲಕ್ಕೆ ತಿರುಗಿಸಿದ. ಮನೆ ನೆಟ್ಟಗಾಯಿತು, ಫೋನು ಓರೆಯಾಯಿತು. ಮತ್ತೆ ಮೊದಲಿನಂತೆಯೇ ಇಟ್ಟ. ‘ಅಕ್ಕ, ಕ್ಯಾಮರಾ ಸೊಟ್ಟಗಿದೆ’ ಎಂದು ಲೈವ್ ನೋಡುತ್ತಿದ್ದ ಯಾರೋ ಬರೆದರು. ಪುಟ್ಟಬಸಮ್ಮ ನಕ್ಕಳು. “ಸ್ಟ್ಯಾಂಡ್ ಬಿದ್ದು ಕಾಲು ಬಗ್ಗೋಗದ ಕಣ್ರವ್ವ. ಇವತ್ತೊಂದಿನ ಹಂಗೇ ನೋಡ್ಕಳಿ” ಎಂದಳು. ಬಿದ್ದು ಅಂದಳು. ಅವಳು ಹಾಗೆಯೇ ಅನ್ನುತ್ತಾಳೆಂದು ಅವನಿಗೆ ಗೊತ್ತಿತ್ತು. ಆದರೂ ಅಷ್ಟು ಸಲೀಸಾಗಿ ಅಂದದ್ದು ಕೇಳಿ ಎದೆ ಹಗುರಾಗುವ ಬದಲು ಕಿರಿಕಿರಿಯಾಯಿತು. ಸುಳ್ಳು ಹೇಳುವುದನ್ನು ಇವಳು ಯಾವಾಗ ಇಷ್ಟು ಚೆನ್ನಾಗಿ ಕಲಿತಳು ಎಂದು ಯೋಚಿಸಿದ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಪಡಸಾಲೆಗೆ ಬಂದಿದ್ದ. ಅಪ್ಪನ ಕುರ್ಚಿಯನ್ನು ಗೋಡೆಗೆ ಸರಿಸಿ ಆ ಜಾಗದಲ್ಲಿ ಫೋನಿನ ಸ್ಟ್ಯಾಂಡು ನಿಲ್ಲಿಸಿದ್ದಳು. ಕುರ್ಚಿ ಯಾಕೆ ಸರಿಸಿದೆ ಎಂದು ಕೇಳಿದ. “ವಸಿ ತಡೀರಿ, ಬೆಳಕು ಇಲ್ಲೇ ಚೆಂದಾಗಿ ಬೀಳ್ತದ” ಎಂದಳು, ತಿರುಗಿ ನೋಡದೆ. ವಸಿ ತಡೀರಿ. ಅಷ್ಟೇ. ಅದರಲ್ಲಿ ತಪ್ಪೇನಿತ್ತು ಎಂದು ಈಗ ತಣ್ಣಗೆ ಕೂತು ಹುಡುಕಿದರೆ ಸಿಗುತ್ತಿರಲಿಲ್ಲ. ಆಗ ಸಿಕ್ಕಿತ್ತು. ಸ್ಟ್ಯಾಂಡು ಕೈಗೆ ಬಂದದ್ದು, ಗಾಳಿಯಲ್ಲಿ ಸುಂಯ್ ಎಂದದ್ದು, ಅವಳ ಎಡಗಿವಿಯ ಹಿಂದಿನ ಮೂಳೆಗೆ ಬಿದ್ದು ಅದರ ಕಾಲು ಬಗ್ಗಿದ್ದು, ಇಷ್ಟು ನೆನಪಿದೆ. ಎರಡನೆಯದು ಬೆನ್ನಿಗೆ. ಮೂರನೆಯದು ಎಲ್ಲಿಗೋ. ಆಮೇಲಿನದು ಇಲ್ಲ. ಯಾವತ್ತೂ ಅಷ್ಟೇ, ಮೊದಲ ಏಟು ಸ್ಪಷ್ಟವಾಗಿ ನೆನಪಿರುತ್ತದೆ, ಕೊನೆಯದು ಎಲ್ಲಿ ನಿಂತಿತೆಂದು ತಿಳಿಯುವುದಿಲ್ಲ. ಕಣ್ಣು ಬಿಟ್ಟಂತಾದಾಗ ಅವಳು ಒಲೆಯ ಮುಂದೆ ಇರುತ್ತಾಳೆ, ತಾನು ಬಚ್ಚಲಲ್ಲಿ ಕೈ ತೊಳೆಯುತ್ತಿರುತ್ತಾನೆ. ಇವತ್ತೂ ತಿಂಡಿ ತಿನ್ನುವಾಗ ಅವಳೇ ಬಂದು, “ಇನ್ನೊಂದು ಆಕ್ಲಾ?” ಎಂದು ಕೇಳಿದ್ದಳು. ಕಿವಿಯ ಹಿಂದಿನಿಂದ ಕುತ್ತಿಗೆಗೆ ಸಣ್ಣಗೆ ರಕ್ತ ಇಳಿದು ರವಿಕೆಯ ಅಂಚು ಒದ್ದೆಯಾಗಿತ್ತು. ಹಾಕು ಅಂದ. ತಿಂದ. ಎದ್ದು ಅಂಗಡಿಗೆ ಬಂದ.

ಈಗ ಅವಳು ಸೆರಗನ್ನು ತಲೆಯ ಮೇಲೆಳೆದು ಎಡಗಿವಿ ಮುಚ್ಚಿಕೊಂಡಿದ್ದಳು. ‘ಸೆರಗು ಹೊದ್ರೆ ಎಷ್ಟು ಲಕ್ಷಣ ಅಕ್ಕ’ ಎಂದು ಒಬ್ಬಳು ಬರೆದಳು. ಅದರ ಹಿಂದೆ ಹತ್ತಾರು ಕೆಂಪು ಹೃದಯಗಳು ಮೇಲೇರಿದವು.

ಚಾನೆಲ್ ಶುರು ಮಾಡಿದ್ದು ಮಗಳು ಶೃತಿ, ಕೊಳ್ಳೇಗಾಲದಲ್ಲೇ ಡಿಗ್ರಿ ಮೊದಲ ವರ್ಷ ಓದುತ್ತಿದ್ದಾಳೆ. ನಾಯಿಯನ್ನು ತಂದವಳು ಪುಟ್ಟಬಸಮ್ಮ. ಎರಡು ವರ್ಷದ ಹಿಂದೆ ಅವಳ ಬಲಗೈ ಮುರಿದಾಗ, ಅಟ್ಟದ ಏಣಿಯಿಂದ ಬಿದ್ದಳೆಂದು ಡಾಕ್ಟರಿಗೆ ಹೇಳಿದವನು ಅವನೇ. ಹೇಳುತ್ತಾ ಹೇಳುತ್ತಾ ಏಣಿಯ ಯಾವ ಮೆಟ್ಟಿಲು ಮುರಿದಿತ್ತೆಂಬುದನ್ನೂ ಸೇರಿಸಿದ್ದ. ಯಳಂದೂರಿನ ತವರಿನವರು ಹದಿನೈದು ದಿನ ಇಟ್ಟುಕೊಂಡು ಕೈಪಟ್ಟಿಯ ಸಮೇತ ವಾಪಸು ಕಳಿಸಿದರು. ಅಳಿಯಂದಿರಿಗೆ ಒಂದು ಜೊತೆ ಪಂಚೆ, ಬುಟ್ಟಿಯಲ್ಲಿ ಒಂದು ನಾಯಿಮರಿ. ಸೋಮವಾರ ಮನೆಗೆ ಬಂದದ್ದಕ್ಕೆ ಸೋಮ ಎಂದು ಹೆಸರಾಯಿತು. ಒಲೆಯ ಹಿಂದಿನ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಮಲಗಿ ಅಡುಗೆಮನೆಯಲ್ಲೇ ಬೆಳೆಯಿತು. ಅವನಿಗೆ ಆ ಮರಿಯ ಮೇಲೆ ಪ್ರೀತಿಯಿತ್ತು, ಯಾರು ಬೇಕಾದರೂ ಕೇಳಲಿ, ಅಂಗಡಿಯಿಂದ ಬರುವಾಗ ಅದಕ್ಕೆಂದು ಬನ್ನು ತರುತ್ತಿದ್ದ. ಮಗಳು ಎಲ್ಲೆಲ್ಲೋ ಓದಿ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ನಿಯಮ ಬರೆದು ಗೋಡೆಗೆ ಅಂಟಿಸಿದ್ದಳು. ಅರ್ಧ ಗಂಟೆ ಮೀರಿ ಲೈವ್ ಬೇಡ, ಬೀದಿಬಾಗಿಲು ಕಾಣಬಾರದು, ಸೋಮ ಎದ್ದು ಹೋದರೆ ಎಳೆದು ಕೂರಿಸಬೇಡಿ, ಅವನ ಎದುರಿಗೆ ಯಾರೂ ದನಿ ಎತ್ತಬಾರದು, ಕೈ ಎತ್ತಬಾರದು. “ನಾಯಿಗೆ ಇಷ್ಟು ಕಾನೂನು” ಎಂದು ಅವನು ಓದಿ ನಕ್ಕಿದ್ದ. ಮಗಳು ನಗದೆ ಅವನ ಮುಖವನ್ನೇ ನೋಡಿ ಒಳಗೆ ಹೋಗಿದ್ದಳು.

ನೋಡುವವರು ಮೊದಲು ನಲವತ್ತು ಜನ, ಹೆಚ್ಚೆಂದರೆ ಐವತ್ತು. ನಾಯಿ ಮುದ್ದೆ ತಿನ್ನುವುದು, ನಾಯಿ ಬೆಕ್ಕಿನ ಬಾಲ ಮೂಸುವುದು, ಇಂಥವೇ. ಹೀಗಿರುವಾಗ ಹೋದ ಕಾರ್ತಿಕದಲ್ಲಿ ಒಂದು ಸೋಮವಾರ ಅವನು ಬೇಗ ಮನೆಗೆ ಬಂದ. ಲೈವ್ ನಡೆಯುತ್ತಿತ್ತು. ಅವನು ಹೊಸ್ತಿಲು ದಾಟುತ್ತಿದ್ದ ಹಾಗೇ ಸೋಮ ಎದ್ದು, ಹಿಂಗಾಲು ಮಡಚಿ, ಮುಂಗಾಲೆರಡನ್ನೂ ಉದ್ದಕ್ಕೆ ಚಾಚಿ, ಅವುಗಳ ನಡುವೆ ಹಣೆಯನ್ನು ನೆಲಕ್ಕೆ ಒತ್ತಿ ಹಾಗೆಯೇ ಉಳಿಯಿತು. ಪುಟ್ಟಬಸಮ್ಮ ಬೆಪ್ಪಾಗಿ ಕೂತಿದ್ದಳು. ‘ಅಯ್ಯೋ, ಯಜಮಾನ್ರಿಗೆ ಶರಣು ಮಾಡ್ತಿದೆ ನೋಡ್ರಪ್ಪ’ ಎಂದು ಯಾರೋ ಬರೆದರು. ಮುಗಿಯಿತು. ಶರಣು ಶರಣಾರ್ಥಿ ಎಂದು ಕೈಮುಗಿಯುತ್ತಾ ಬೆಳೆದ ಜನಕ್ಕೆ ಅದು ಬೇರೇನಾಗಿಯೂ ಕಾಣುವುದು ಸಾಧ್ಯವಿರಲಿಲ್ಲ. ಅಷ್ಟು ತುಣುಕನ್ನು ಕತ್ತರಿಸಿ ಒಬ್ಬರಿಂದೊಬ್ಬರಿಗೆ ಕಳಿಸಿದರು, ‘ಮನುಷ್ಯರಿಗಿಲ್ಲದ ಸಂಸ್ಕಾರ’ ಎಂದು ಮೇಲೆ ಬರೆದರು. ಒಂದು ತಿಂಗಳಲ್ಲಿ ನಲವತ್ತು ಸಾವಿರ ಜನ ಚಾನೆಲ್ ಸೇರಿದರು. ಪುಟ್ಟಬಸಮ್ಮ ಎಷ್ಟು ಗೋಗರೆದರೂ ನಾಯಿ ಅವಳಿಗೆ ಶರಣು ಮಾಡುವುದಿಲ್ಲ, ಬಾಲ ಅಲ್ಲಾಡಿಸುತ್ತದೆ. ಅವನು ಬಂದರೆ ಮಾತ್ರ. ಹಾಗಾಗಿ ಸೋಮವಾರ ಸಂಜೆ ಐದಕ್ಕೆ ಅವನು ಮನೆಗೆ ಬರುವುದೇ ಒಂದು ಕಾರ್ಯಕ್ರಮವಾಯಿತು. ಬಿಳಿ ಪಂಚೆ ಉಟ್ಟು ಬರುತ್ತಿದ್ದ, ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ. ನಿಂತಾಗ ಹಿತವಾಗುತ್ತಿತ್ತು, ಸುಳ್ಳೇಕೆ.

“ಗುರುಪಾದಣ್ಣ, ಇನ್ನೂ ಇಲ್ಲೇ ಕೂತಿದ್ದೀಯಲ್ಲ, ಸ್ವಾಮಾರ ಅಲ್ವಾ ಇವತ್ತು?” ಎಂದ ಕೆಂಪನಂಜಪ್ಪ. ಅಜ್ಜೀಪುರದವನು, ಎರಡು ಮೂಟೆ ಹಿಂಡಿ ಕಟ್ಟಿಸಿಕೊಂಡು ಗೂಡ್ಸ್ ಆಟೋಗೆ ಕಾಯುತ್ತಿದ್ದ. “ನಮ್ಮನೇಲಿ ಎಲ್ರೂ ಐದು ಗಂಟೆಗೆ ಕಾಯ್ಕಂಡ್ ಕೂತ್ಕತರೆ. ನಮ್ಮವ್ವಂತೂ ಫೋನ್‌ಗೆ ಕೈ ಮುಗೀತಳೆ. ಮನೇಲಿ ನೀ ಹೆಂಗಿದ್ದೀಯೋ ನಾಯಿ ಹಂಗಿರ್ತದ ಕಣಣ್ಣ. ಅದು ಬರೀ ಕಲ್ಸುದ್ರೆ ಬರದಲ್ಲ.”

“ಏನೋ, ಅದರ ಪುಣ್ಯ” ಎಂದ ಗುರುಪಾದಸ್ವಾಮಿ. ಮುಖ ಬಿಸಿಯಾಯಿತು. ಅಂಗಡಿಯ ಮುಂದೆ ಬೀದಿ ಬಸವ ಬಂದು ನಿಂತಿತ್ತು. ಎದ್ದು ಒಂದು ಬೊಗಸೆ ಬೂಸ ಹಾಕಿದ, ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಪ್ರಾಣಿಗಳಿಗೆ ಅವನು ಯಾವತ್ತೂ ಕೈ ಮಾಡಿದವನಲ್ಲ. ಅಪ್ಪನಿಂದ ಬಂದದ್ದು ಅದು. ತನ್ನೂರು ಮಧುವನಹಳ್ಳಿಯಲ್ಲಿ ಅಪ್ಪ ಚನ್ನಬಸವಪ್ಪನವರು ಎತ್ತಿಗೆ ಬಾರುಕೋಲು ಮುಟ್ಟಿಸಿದ್ದನ್ನು ಕಂಡವರಿಲ್ಲ ಎಂದು ಈಗಲೂ ಹೇಳುತ್ತಾರೆ. ಉಳುವಾಗ ಬರೀ ನಾಲಿಗೆಯಲ್ಲಿ ಸದ್ದು ಮಾಡುತ್ತಿದ್ದರು, ಎತ್ತು ಕೇಳುತ್ತಿತ್ತು. ಬಾರುಕೋಲು ಮನೆಯಲ್ಲಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಅವ್ವ ವಾರಗಟ್ಟಲೆ ಬೋರಲಾಗಿ ಮಲಗುತ್ತಿದ್ದಳು, ಬೆನ್ನಿಗೆ ಬೇವಿನೆಣ್ಣೆ ಹಚ್ಚಲು ಅವನನ್ನು ಕೂಗುತ್ತಿದ್ದಳು. ಹಚ್ಚುವಾಗ ಬಾಸುಂಡೆಗಳು ಬೆರಳಿಗೆ ಹಗ್ಗದಂತೆ ಸಿಗುತ್ತಿದ್ದವು. ಆರು ವರ್ಷದವನಿಗೆ ಅದು ಆಶ್ಚರ್ಯವೂ ಆಗಿರಲಿಲ್ಲ, ಎಲ್ಲ ಅವ್ವಂದಿರ ಬೆನ್ನೂ ಹಾಗೇ ಇರುತ್ತದೆಂದು ತಿಳಿದಿದ್ದ. ಬಸವ ಬೂಸ ಮುಗಿಸಿ ಅವನ ಕೈಯನ್ನು ನೆಕ್ಕಿತು.

ವಾಪಸು ಬಂದು ಫೋನು ನೋಡಿದರೆ ಒಳಗೆ ಏನೋ ನಡೆದಿತ್ತು. ಬರಹಗಳು ಒಂದರ ಮೇಲೊಂದು ಬೀಳುತ್ತಿದ್ದವು. ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋದ, ಮೂಲ ಸಿಕ್ಕಿತು. ಕವಿತ ಎಂಬ ಹೆಸರು, ಹನೂರಿನಲ್ಲಿ ದನದ ಡಾಕ್ಟರು ಎಂದು ಬರೆದುಕೊಂಡಿದ್ದಳು. ‘ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಹಳೇ ವಿಡಿಯೋ ಎಲ್ಲ ನೋಡಿದೆ. ಅದು ಶರಣಲ್ಲ, ಹೆದರಿಕೆ. ಕಿವಿ ಹಿಂದಕ್ಕೆ ಅಂಟಿಕೊಂಡಿರುತ್ತೆ, ಬಾಲ ಹೊಟ್ಟೆಗೆ ಸೇರಿರುತ್ತೆ, ಮೈ ನಡುಗುತ್ತಿರುತ್ತೆ. ನಿಮ್ಮ ಮನೆಯವರು ಅದಕ್ಕೆ ಹೊಡೀತಾರೆ.’

ಗುರುಪಾದಸ್ವಾಮಿ ಅದನ್ನು ಮೂರು ಸಲ ಓದಿದ. ಹೊಡೀತಾರೆ. ಎಷ್ಟು ಸುಲಭವಾಗಿ ಬರೆದಳು. ಎರಡು ವರ್ಷದಲ್ಲಿ ಒಂದೇ ಒಂದು ಸಲ, ಒಂದು ಕಡ್ಡಿ, ಒಂದು ಚಪ್ಪಲಿ, ಒಂದು ಬೆರಳು ಆ ನಾಯಿಗೆ ತಾಗಿಸಿದ್ದರೆ ಅವನ ಕೈ ಬಿದ್ದುಹೋಗಲಿ. ಇದು ಸತ್ಯ. ಅವನ ಬದುಕಿನಲ್ಲಿ ಪೂರ್ತಿ ಸತ್ಯ ಎನ್ನಬಹುದಾದ ಕೆಲವೇ ಮಾತುಗಳಲ್ಲಿ ಒಂದು ಇದು, ಅದಕ್ಕೇ ಕೈ ಹಾಕಿದ್ದಳು ಆ ಹನೂರಿನವಳು. ಕೆಳಗೆ ಜನ ಕಚ್ಚಾಡುತ್ತಿದ್ದರು. ‘ನಂಗೂ ಅನ್ನಿಸಿತ್ತು.’ ‘ಇಂಥವರಿಗೆ ನಾಯಿ ಯಾಕೆ?’ ‘ಪೊಲೀಸಿಗೆ ಕೊಡಿ.’ ಹತ್ತು ನಿಮಿಷದ ಹಿಂದೆ ಕೈಮುಗಿಯುತ್ತಿದ್ದವರು. ನೋಡುವವರ ಸಂಖ್ಯೆ ಮೂರು ಸಾವಿರದಿಂದ ಐದಕ್ಕೆ, ಐದರಿಂದ ಒಂಬತ್ತಕ್ಕೆ ಏರಿತು. ನಾಳೆ ಕೆಂಪನಂಜಪ್ಪನ ಅವ್ವನ ಫೋನಿನಲ್ಲೂ ಇದು ಇರುತ್ತದೆ, ಬೂಸ ಕೊಳ್ಳಲು ಬಂದವರು ಮಾತಾಡದೆ ಅವನ ಕೈಗಳನ್ನು ನೋಡುತ್ತಾರೆ.

ಲೈವ್ ನೋಡಲು ಅವನು ಇಟ್ಟುಕೊಂಡಿದ್ದ ಕಳ್ಳ ಹೆಸರೊಂದಿತ್ತು. ಖಾತೆ ಮಾಡುವಾಗ ಬೇರೆ ಹೆಸರು ಹೊಳೆಯದೆ ಅಪ್ಪನ ಹೆಸರನ್ನೇ ಹಾಕಿದ್ದ. ಈವರೆಗೆ ಒಂದಕ್ಷರ ಬರೆದವನಲ್ಲ, ಬರೀ ನೋಡುವುದು. ಈಗ ದಪ್ಪ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದ. ‘ಆ ಮನೆಯವರನ್ನು ನಾನು ಬಲ್ಲೆ. ನಾಯಿಗೆ ಹೊಡೆದವರಲ್ಲ. ಸುಳ್ಳು ಹೇಳಬೇಡಿ. ಚನ್ನಬಸವ.’

ಪುಟ್ಟಬಸಮ್ಮ ಬರಹಗಳನ್ನು ಓದುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ಓದು ನಿಲ್ಲಿಸಿದಳು. ಸತ್ತ ಮಾವನ ಹೆಸರು. ಕಣ್ಣೆತ್ತಿ ಕ್ಯಾಮರಾವನ್ನು ನೆಟ್ಟ ನೋಟದಲ್ಲಿ ನೋಡಿದಳು, ಅಂದರೆ ಅವನನ್ನು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ಕಣ್ಣಿಟ್ಟು ನೋಡಿದ್ದು ಅವನಿಗೆ ನೆನಪಿಲ್ಲ. ಆಮೇಲೆ ನಾಯಿಯ ಕತ್ತಿನ ಮೇಲೆ ಕೈಯಿಟ್ಟು, ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. “ಇಲ್ಲ ಕಣ್ರವ್ವ, ಯಾರೂ ತಪ್ಪು ತಿಳ್ಕಬೇಡಿ. ನಮ್ಮನೇವ್ರು ನಾಯ್ಗಂತೂ ಒಡ್ದಿಲ್ಲ.”

ಅವನ ಉಸಿರು ಇಳಿಯಿತು. ಕೊನೆಗೂ ಹೇಳಿದಳು, ಮನೆಯ ಮರ್ಯಾದೆ ಕಾದಳು. ನೀರು ಕುಡಿದ. ಲೋಟ ಕೆಳಗಿಡುವಷ್ಟರಲ್ಲಿ ಮಾತು ಕಿವಿಯಲ್ಲಿ ಇನ್ನೊಂದು ಸಲ ಕೇಳಿಸಿತು. ನಾಯಿಗೆ ಹೊಡೆದಿಲ್ಲ ಅನ್ನಬಹುದಿತ್ತು. ನಾಯಿಗಂತೂ ಅಂದಳು. ಆ ಅಂತೂ ಎಲ್ಲಿಂದ ಬಂತು? ಬಾಯಿ ತಪ್ಪಿ ಬಂತೋ, ಬೇಕೆಂದೇ ತಂದಳೋ? ಅಂತೂ ಎಂದ ಮೇಲೆ ಇನ್ನೊಂದು ಉಳಿಯುತ್ತದೆ, ಹಿಂದೆ ನಿಂತುಕೊಂಡಿರುತ್ತದೆ. ಅವನು ನೋಡುತ್ತಿರುವಂತೆಯೇ ಒಬ್ಬರು ಬರೆದರು: ‘ನಾಯಿಗಂತೂ ಅಂದ್ರೆ ಏನಕ್ಕ?’

ಬಾಗಿಲು ಪೂರ್ತಿ ಎಳೆಯದೆ, ಪಕ್ಕದಂಗಡಿಯವನಿಗೆ ನೋಡಿಕೊಳ್ಳಲು ಹೇಳಿ ಬೈಕು ಹತ್ತಿದ. ಬೆಟ್ಟದ ಕಡೆ ಹೋಗುವ ಬಸ್ಸೊಂದು ಹಾರನ್ ಹಾಕುತ್ತಾ ಮೈಮೇಲೆ ಬರುವ ಹಾಗೆ ಬಂತು, ಅವನಿಗೆ ಕೇಳಿಸಲಿಲ್ಲ. ನಾಯಿಗಂತೂ. ದಾರಿಯುದ್ದಕ್ಕೂ ಬೈಕಿನ ಸದ್ದು ಅದನ್ನೇ ಅನ್ನುತ್ತಿತ್ತು. ಒಳ್ಳೇ ಮಾತಿನಲ್ಲಿ ಕೇಳಬೇಕು ಎಂದುಕೊಂಡ. ಲೈವ್ ಮುಗಿಸಿರುತ್ತಾಳೆ, ಅರ್ಧ ಗಂಟೆ ಆಗಿ ಹೋಗಿದೆ, ಒಳಗೆ ಕೂರಿಸಿಕೊಂಡು ಕೇಳಬೇಕು. ಕೈ ಎತ್ತಬಾರದು. ಹಾಗೆಂದುಕೊಂಡದ್ದು ಇದೇ ಮೊದಲೇನೂ ಅಲ್ಲ, ಅವಳ ಹಲ್ಲು ಹೋದ ದಿನವೂ ಹಾಗೇ ಅಂದುಕೊಂಡಿದ್ದ. ಅಂದು ಅವಳ ಕೂದಲು ಹಿಡಿದು ರುಬ್ಬುವ ಕಲ್ಲಿಗೆ ಮುಖ ಅಪ್ಪಳಿಸಿದ್ದ, ಸಾರಿಗೆ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ. ಹಲ್ಲು ಹಿಟ್ಟಿನೊಳಗೆ ಬಿದ್ದಿತ್ತು. ಅವಳೇ ಅದನ್ನು ಎತ್ತಿ, ತೊಳೆದು, ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಹಲ್ಲನ್ನು ಯಾಕೆ ಕಟ್ಟಿಕೊಂಡಳೆಂದು ಅವನು ಬಹಳ ದಿನ ಯೋಚಿಸಿದ್ದ, ಕೇಳಲು ಬಾಯಿ ಬಂದಿರಲಿಲ್ಲ. ಹಿಪ್ಪುನೇರಳೆ ತೋಟಗಳು ಮುಗಿದು ಮಧುವನಹಳ್ಳಿಯ ಮೊದಲ ಮನೆಗಳು ಬಂದವು. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಹೆಂಗಸರು ಫೋನಿನಿಂದ ತಲೆಯೆತ್ತಿ ಅವನನ್ನು ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡರು.

ಲೈವ್ ಮುಗಿದಿರಲಿಲ್ಲ. ಹೊಸ್ತಿಲಲ್ಲಿ ಅವನು ಕಾಣಿಸಿಕೊಂಡದ್ದೇ ಬೆಕ್ಕು ಅಟ್ಟಕ್ಕೆ ಹಾರಿತು, ಸೋಮ ಹಿಂಗಾಲು ಮಡಚಿ ಮುಂಗಾಲು ಚಾಚಿ ಹಣೆ ನೆಲಕ್ಕೊತ್ತಿತು. ಪುಟ್ಟಬಸಮ್ಮ ಚಾಪೆಯಿಂದ ಎದ್ದು ನಿಂತಳು. “ಬಂದ್ರಾ” ಎಂದಳು.

“ಯಾಕೆ ಇನ್ನೂ ನಿಲ್ಸಿಲ್ಲ?”

“ಕೇಳ್ತಾವ್ರೆ. ಉತ್ತರ ಹೇಳ್ದೆ ಹೆಂಗೆ ನಿಲ್ಸದು.”

ಅವನು ನಕ್ಕ, ನಗು ಫೋನಿಗೆ ಕಾಣಲೆಂದು. ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. “ಬಾರೋ ಸೋಮ, ಬಾರೋ ಮಗನೆ.” ಆದಷ್ಟು ಮೆಲ್ಲಗೆ ಕರೆದ. ದನಿ ಮೆಲ್ಲಗಾದಷ್ಟೂ ನಾಯಿ ನೆಲಕ್ಕಿಳಿಯಿತು. ಅದರ ಹೊಟ್ಟೆಯ ಕೆಳಗಿನಿಂದ ಸಣ್ಣಗೆ ಉಚ್ಚೆ ಹರಿದು ಬಂದು ಅವನ ಪಂಚೆಯ ಅಂಚಿಗೆ ತಾಗಿತು. “ನೋಡ್ರಿ, ಎಲ್ರೂ ನೋಡ್ರಿ” ಎಂದು ಫೋನಿನ ಕಡೆ ತಿರುಗಿದ. “ಇದ್ಕೆ ನಾನು ಒಡೀತೀನಾ? ಇವಳ್ನೇ ಕೇಳಿ. ಹೇಳೇ, ಒಡ್ದಿದ್ದೀನಾ?”

“ಇಲ್ಲ” ಎಂದಳು ಪುಟ್ಟಬಸಮ್ಮ. “ಅದ್ಕೆ ಒಡ್ದಿಲ್ಲ.”

“ಅದ್ಕೆ ಅಂದ್ರೆ? ಆಗ್ಲೇ ಅಂತೂ ಅಂದೆ, ಈಗ ಅದ್ಕೆ ಅಂತೀಯ. ಏನು ಅಂತೂ? ಹೇಳು ಅವ್ರಿಗೆ.”

ಅವಳ ಸೆರಗು ಜಾರಿತ್ತು, ಎತ್ತಿಕೊಳ್ಳಲಿಲ್ಲ. ಕಿವಿಯ ಹಿಂದೆ ಕೂದಲು ರಕ್ತಕ್ಕೆ ಅಂಟಿ ಒಣಗಿ ಕಪ್ಪಾಗಿತ್ತು, ಅದನ್ನು ಫೋನಿನ ಕಡೆಗೆ ಮಾಡಿಕೊಂಡು ಸುಮ್ಮನೆ ನಿಂತಿದ್ದಳು. ಅದು ಅವನಿಗೆ ಕಂಡಿತು. ಇವಳಿಗೆ ಇಷ್ಟು ಧೈರ್ಯವೇ ಎನ್ನುವುದಷ್ಟೇ ಅವನು ಕೊನೆಗೆ ಯೋಚಿಸಿದ್ದು. ಮೊದಲ ಏಟು ಕೆನ್ನೆಗೆ, ಅಂಗೈ ಪೂರ್ತಿ. ಅವಳು ಸ್ಟ್ಯಾಂಡಿನ ಮೇಲೆ ಬಿದ್ದಳು, ಸ್ಟ್ಯಾಂಡು ಮುರಿಯಿತು, ಫೋನು ಹಾರಿ ಹೋಗಿ ಗೋಡೆಗೆ ಒರಗಿ ನಿಂತಿತು. ಎದ್ದೇಳುತ್ತಿದ್ದವಳ ಸೊಂಟಕ್ಕೆ ಒದ್ದ. ಪಕ್ಕೆಗೆ ಒದ್ದ, ಒಳಗೆ ಏನೋ ಕಡ್ಡಿ ಮುರಿದ ಸದ್ದು ಬಂತು, ಅವಳ ಬಾಯಿಂದ ಗಾಳಿ ಮಾತ್ರ ಬಂತು. ಮುಷ್ಟಿ ಬಿಗಿದು ಬೆನ್ನಿಗೆ ಗುದ್ದಿದ. ಸ್ಟ್ಯಾಂಡಿನ ಮುರಿದ ಕಾಲು ಕೈಗೆ ಸಿಕ್ಕಿತು. ಎತ್ತಿದ.

ಎತ್ತಿದವನ ಕಣ್ಣು ಫೋನಿಗೆ ಬಿತ್ತು. ಅದಿನ್ನೂ ನಡೆಯುತ್ತಿತ್ತು. ಗೋಡೆಗೆ ಒರಗಿದ್ದ ಅದರೊಳಗೆ ಮನೆ ಈಗ ನೆಟ್ಟಗಿತ್ತು. ಹಿಂದೆ ಒಬ್ಬ ಗಂಡಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಏನೋ ಎತ್ತಿಕೊಂಡು ನಿಂತಿದ್ದ. ಅವನ ಮುಂದೆ ನೆಲದ ಮೇಲೆ ಎರಡು ಜೀವ ಮಗ್ಗುಲು ಮಗ್ಗುಲಾಗಿ ಇದ್ದವು. ಮೇಲಿನಿಂದ ಹೊಡೆಯುವವನಿಗೆ ಕಾಣುವುದು ಬೆನ್ನು, ತುರುಬು. ಎದುರಿನಿಂದ ಅವನು ಇದನ್ನು ಯಾವತ್ತೂ ನೋಡಿರಲಿಲ್ಲ. ಅವಳು ಮೊಣಕಾಲು ಮಡಚಿ ಹೊಟ್ಟೆಯ ಕೆಳಗೆ ಸೇರಿಸಿಕೊಂಡಿದ್ದಳು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನೆಲಕ್ಕೆ ಅಂಟಿಸಿದ್ದಳು. ತೋಳುಗಳ ನಡುವೆ ಹಣೆಯನ್ನು ನೆಲಕ್ಕೊತ್ತಿದ್ದಳು. ಪಕ್ಕದಲ್ಲಿ ಸೋಮನೂ ಹಾಗೇ ಇತ್ತು. ಯಾವುದನ್ನು ನೋಡಿ ಯಾವುದು ಕಲಿತದ್ದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಲೆಯ ಹಿಂದಿನ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಮಲಗಿ ಎರಡು ವರ್ಷ ಅದು ನೋಡಿತ್ತು. ಈ ಮನುಷ್ಯ ಬಂದಾಗ ಹೀಗೆ ಇರಬೇಕು, ಈ ಮನೆಯಲ್ಲಿ ಬದುಕುವ ಕ್ರಮ ಇದು ಎಂದು ತಿಳಿದುಕೊಂಡಿತ್ತು. ಅವನು ಹೊಸ್ತಿಲಲ್ಲಿ ಬಿಳಿ ಪಂಚೆ ಉಟ್ಟು ನಿಂತು ಪ್ರತಿ ಸೋಮವಾರ ಸ್ವೀಕರಿಸಿದ್ದು ಅದನ್ನೇ.

ಫೋನಿನಲ್ಲಿ ಬರಹ ನಿಂತುಹೋಗಿತ್ತು. ಹನ್ನೊಂದು ಸಾವಿರ ಜನ ನೋಡುತ್ತಿದ್ದರು, ಒಂದಕ್ಷರವಿಲ್ಲ. ಅವನು ಕಾದ. ಯಾರಾದರೂ ಬೈಯಲಿ ಎಂದು ಕಾದ. ಆಮೇಲೆ ಒಂದು ಬಂತು. ‘ಬಸಮ್ಮಕ್ಕ.’ ಅದರ ಕೆಳಗೆ ಇನ್ನೊಂದು, ‘ಅಕ್ಕ ಏಳಿ.’ ಹನೂರಿನ ಕವಿತ ಬರೆದಿದ್ದಳು, ‘ಅಕ್ಕ, ಎದ್ದು ಆಚೆ ಬನ್ನಿ, ನಾವು ಬರ್ತಿದ್ದೀವಿ.’ ಆಮೇಲೆ ಅದೇ ಅದೇ, ಏಳಿ, ಏಳಿ, ಏಳಿ ಎಂದು ತುಂಬಿಕೊಂಡು ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿತು. ಯಾರೂ ಅವನಿಗೆ ಏನೂ ಹೇಳುತ್ತಿರಲಿಲ್ಲ.

ಅವನ ಕೈ ಇನ್ನೂ ಮೇಲೇ ಇತ್ತು. ಬೆರಳು ಸಡಿಲಿಸಿದ, ಮುರಿದ ಕಾಲು ಹಿಂದೆಲ್ಲೋ ಬಿತ್ತು. ಬಾಗಿದ. “ಏಳು” ಎಂದ. ಅವನಿಗೇ ಗುರುತು ಸಿಗದಷ್ಟು ಮೆತ್ತಗಿತ್ತು ದನಿ. “ಪುಟ್ಟಬಸಮ್ಮ, ಏಳು.” ಅವನ ದನಿ ಅಷ್ಟು ಹತ್ತಿರದಿಂದ ಬಂದದ್ದೇ ತಡ, ಅವರಿಬ್ಬರೂ ನೆಲಕ್ಕೆ ಇನ್ನಷ್ಟು ಒತ್ತಿಕೊಂಡರು.